ಒಂದೇ ನಂಬರಿನ ಎರಡು ಆಂಪ್ಲಿಫೈಯರ್

ಬ್ಯಾಡಗಿ ಮಾರುಕಟ್ಟೆಯ ಹರಾಜು ಶೆಡ್ಡಿನಲ್ಲಿ ಅಣ್ಣ ಬೆಳಿಗ್ಗೆ ಮೊದಲ ಸಲ ದೊಡ್ಡ ಸ್ಪೀಕರ್‌ಗಳಿಗೆ ಸೌಂಡ್ ಕೊಟ್ಟಾಗ ತಗಡಿನ ಮಾಡಿನಿಂದ ಕೆಂಪು ಧೂಳು ಉದುರಿತು. ನೆಲವನ್ನೇನೋ ಹಿಂದಿನ ದಿನ ಟ್ಯಾಂಕರ್ ನೀರು ಹೊಡೆದು ತೊಳೆಸಿದ್ದರು. ಮೇಲಿನ ಕಬ್ಬಿಣದ ತೊಲೆಗಳ ಮೇಲೆ ವರ್ಷಗಳಿಂದ ಕೂತಿದ್ದ ಮೆಣಸಿನಕಾಯಿ ಪುಡಿ ಮಾತ್ರ ಯಾರ ನೆನಪಿಗೂ ಬಂದಿರಲಿಲ್ಲ. ಕುರ್ಚಿ ಹಾಕುತ್ತಿದ್ದ ಹಮಾಲರು, ಅಣ್ಣ, ನಾನು ಎಲ್ಲ ಸೇರಿ ಐದು ನಿಮಿಷ ಸೀನಿದೆವು.

"ಬೇಸ್ ಡಬ್ಬಿ ಬ್ಯಾಡ ಇವತ್ತ," ಎಂದು ಅಣ್ಣ ಕಣ್ಣೊರೆಸಿಕೊಳ್ಳುತ್ತ ಆ ಎರಡು ಪೆಟ್ಟಿಗೆಗಳ ವೈರನ್ನು ಕಿತ್ತ.

ಅವತ್ತು ಸಂಜೆ ಐದಕ್ಕೆ ಆ ಶೆಡ್ಡಿನಲ್ಲಿ ಹಾಡಬೇಕಿದ್ದವರಿಗೆ ಎಪ್ಪತ್ತೆಂಟು ವರ್ಷ. ನಾವೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಒಂದು ಕಾಲಕ್ಕೆ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ನಾಯಕಿಯ ಪಾತ್ರ ಮಾಡಿ, ಹಾಡಿ ಹೆಸರಾದವರು. ಬ್ಯಾಡಗಿ ಸ್ಟೇಷನ್ನಿನ ಹತ್ತಿರ ಅವರ ಕಂಪನಿಯ ಟೆಂಟು ಬಿದ್ದಾಗಲೆಲ್ಲ ಮಾರುಕಟ್ಟೆಯ ಹಮಾಲರು ಚೀಲ ಹೊರುವುದು ಮುಗಿಸಿ, ಮೈಮೇಲಿನ ಖಾರದ ಪುಡಿಯನ್ನೂ ತೊಳೆದುಕೊಳ್ಳದೆ ಬಂದು ಕೂರುತ್ತಿದ್ದರಂತೆ. ಈಗ ಅವರು ಹಾವೇರಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಹಾಡುವುದನ್ನು ಬಿಟ್ಟು ಐದಾರು ವರ್ಷವಾಗಿತ್ತು. ಹಮಾಲರು ಸೇರಿ ಸನ್ಮಾನ ಮಾಡುತ್ತೇವೆ ಎಂದು ಹೋದಾಗ ಅವರು, ಶಾಲು ಬೇಡ, ಮಾರುಕಟ್ಟೆಯಲ್ಲೇ ಕೂತು ನಾಲ್ಕು ಹಾಡು ಹಾಡುತ್ತೇನೆ, ಅದೇ ಕೊನೆ ಎಂದಿದ್ದರು. ವ್ಯಾಪಾರಸ್ಥರು ಚೀಟಿಯಲ್ಲಿ ದರ ಬರೆದು ಹಾಕುವ ಟೆಂಡರ್ ಇಲ್ಲದ ಒಂದು ದಿನ ನೋಡಿ ಹಮಾಲರು ಶೆಡ್ಡು ಕೇಳಿ ಪಡೆದರು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ರಾಣೆಬೆನ್ನೂರಿನಲ್ಲಿ ಅಣ್ಣನದು ಮೈಕ್ ಸೆಟ್ಟಿನ ಅಂಗಡಿ. ನಾನು ಅದೇ ಊರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕಲಿಸುತ್ತಿದ್ದೆ. ಅಣ್ಣ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಡಿಜಿಟಲ್ ಮಿಕ್ಸರ್ ಮತ್ತು ನೆಟ್‌ವರ್ಕ್ ವೈರು ಹಾಕಿ ನಡೆಸುವ ಎರಡು ಆಂಪ್ಲಿಫೈಯರ್ ತಂದಾಗಿನಿಂದ ದೊಡ್ಡ ಕಾರ್ಯಕ್ರಮಗಳಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರುವ ಕೆಲಸ ನನ್ನದಾಗಿತ್ತು. ಸ್ಪೀಕರ್ ಏರಿಸುವುದು, ಕಟ್ಟುವುದು ಅವನದು.

ಶೆಡ್ಡನ್ನು ನೋಡಿದಾಗಲೇ ಒಂದು ವಿಷಯ ನಿಶ್ಚಯವಾಗಿತ್ತು. ಅರವತ್ತು ಮೀಟರ್ ಉದ್ದ, ಮೇಲೆ ತಗಡು, ಕೆಳಗೆ ಸಿಮೆಂಟು. ವೇದಿಕೆಯ ಪಕ್ಕದಲ್ಲಷ್ಟೇ ಸ್ಪೀಕರ್ ಇಟ್ಟು ಕೊನೆಯ ಸಾಲಿಗೆ ಕೇಳಿಸಬೇಕೆಂದರೆ ದನಿ ಬಹಳ ಏರಿಸಬೇಕು. ಏರಿಸಿದರೆ ತಗಡು ಅದನ್ನೇ ಹಿಂದಕ್ಕೆ ಎಸೆದು ಪದಗಳು ಒಂದರ ಮೇಲೊಂದು ಬೀಳುತ್ತವೆ. ಅಮ್ಮನ ದನಿಯೋ ಈಗ ಸಣ್ಣದು, ಕೂಗಿ ಹಾಡುವವರಲ್ಲ. ಇದಕ್ಕಿದ್ದ ದಾರಿ ಎಂದರೆ ಸ್ಪೀಕರ್‌ಗಳನ್ನು ಮೂರು ಕಡೆ ಹಂಚುವುದು: ವೇದಿಕೆಯ ಬಳಿ ಎರಡು, ಇಪ್ಪತ್ತು ಮೀಟರ್ ಆಚೆ ಎರಡು, ನಲವತ್ತು ಮೀಟರ್ ಆಚೆ ಎರಡು. ಪ್ರತಿ ಸ್ಪೀಕರ್‌ಗೂ ಒಂದು ಆಂಪ್ಲಿಫೈಯರ್. ಎಲ್ಲವೂ ಸಣ್ಣ ದನಿಯಲ್ಲೇ ನುಡಿಯಬೇಕು.

ಆದರೆ ವೈರಿನಲ್ಲಿ ಸಿಗ್ನಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು ಮುನ್ನೂರ ನಲವತ್ತೈದು ಮೀಟರ್ ಮಾತ್ರ ಹೋಗುತ್ತದೆ. ಹಾಗೇ ಬಿಟ್ಟರೆ ಹಿಂದೆ ಕೂತವರಿಗೆ ಪಕ್ಕದ ಸ್ಪೀಕರಿನ ದನಿ ಮೊದಲು, ವೇದಿಕೆಯ ದನಿ ಆಮೇಲೆ ಕೇಳಿಸುತ್ತದೆ. ಒಂದೇ ಹಾಡು ಎರಡೆರಡು ಸಲ. ಆದ್ದರಿಂದ ಮಧ್ಯದ ಸ್ಪೀಕರ್‌ಗಳನ್ನು ಐವತ್ತೆಂಟು ಮಿಲಿಸೆಕೆಂಡ್, ಹಿಂದಿನವುಗಳನ್ನು ನೂರಾ ಹದಿನಾರು ಮಿಲಿಸೆಕೆಂಡ್ ತಡ ಮಾಡಿಸಬೇಕು. ಆ ತಡವನ್ನು, ಜೊತೆಗೆ ಕಾರ್ಯಕ್ರಮ ನಡೆಯುವಾಗ ಒಂದೊಂದು ಕಡೆಯ ದನಿಯನ್ನು, ಆಂಪ್ಲಿಫೈಯರಿನೊಳಗೆ ಹಾಕುವುದು ನೆಟ್‌ವರ್ಕ್ ವೈರಿನ ಮೂಲಕ, ಲ್ಯಾಪ್‌ಟಾಪಿನಿಂದ.

ಇಂಥ ಆಂಪ್ಲಿಫೈಯರ್ ನಮ್ಮಲ್ಲಿ ಇದ್ದದ್ದು ಎರಡೇ. ಇನ್ನೆರಡು ಹಾವೇರಿಯ ಒಬ್ಬ ಹಿರಿಯ ಮೈಕ್ ಸೆಟ್ಟಿನವರ ಹತ್ತಿರ ಇದ್ದವು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮತ್ತೆರಡು ಬ್ಯಾಡಗಿಯವರೇ ಒಬ್ಬರಲ್ಲಿ. ಮೂರೂ ಅಂಗಡಿಯವರು ಮದುವೆ ಸೀಸನ್ನಿನಲ್ಲಿ ಒಬ್ಬರ ಆರ್ಡರ್ ಒಬ್ಬರು ಕಸಿಯುವವರೇ. ಅಮ್ಮನ ಹೆಸರು ಕೇಳಿದ್ದಕ್ಕೆ ಎಲ್ಲರೂ ಹೂಂ ಎಂದರು.

ಹಿಂದಿನ ದಿನ ನಾನು ಫೋನಿನಲ್ಲಿ ಇಬ್ಬರನ್ನೂ ಅವರ ಯಂತ್ರಗಳ ಐಪಿ ಅಡ್ರೆಸ್ ಕೇಳಿದ್ದೆ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಇರುವ ನಾಲ್ಕು ಭಾಗದ ನಂಬರು ಅದು. ನಮ್ಮವು 192.168.1.21 ಮತ್ತು 22. ಕಾಕಾ ಒಂದು ಚೀಟಿ ನೋಡಿ ಓದಿದರು: 192.168.0.10 ಮತ್ತು 11. ಓದಿದ ಮೇಲೆ, "ಇವನ್ನ ಮುಟ್ಟಂಗಿಲ್ಲ ನೋಡ ತಂಗಿ. ಹುಬ್ಬಳ್ಳಿಯಿಂದ ಬಂದಾಂವ ಹಾಕಿ ಕೊಟ್ಟಾನ. ನಮ್ಮ ಕಲ್ಯಾಣ ಮಂಟಪದಾಗಿನ ಕಂಪ್ಯೂಟರ್ ಇದ ನಂಬರ್ ಹಿಡದ ಕರೀತೈತಿ. ಐತವಾರ ಅಲ್ಲಿ ಮದುವಿ ಐತಿ," ಎಂದರು.

ಬ್ಯಾಡಗಿಯವರು ಯಾವುದೋ ಊರಿಗೆ ಹೊರಟು ಬಸ್ಸಿನಲ್ಲಿದ್ದರು. "ಮುಂದಿಂದೆಲ್ಲಾ ಎಲ್ಲಾರ್ದೂ ಇದ್ದಂಗನ ಐತ್ರಿ. ಕಡೀಗೆ ಹತ್ತು, ಹನ್ನೊಂದು," ಎಂದರು. ಎಲ್ಲರದೂ ಇದ್ದಂತೆ ಎಂದರೆ ನಮ್ಮದಿದ್ದಂತೆ ಎಂದುಕೊಂಡು ನಾನು ಪಟ್ಟಿಯಲ್ಲಿ 192.168.1.10, 192.168.1.11 ಎಂದು ಬರೆದುಕೊಂಡೆ. ಪೂರ್ತಿ ಓದಿ ಎಂದು ಕೇಳಲಿಲ್ಲ. ನೆಟ್‌ವರ್ಕಿಂಗ್ ಕಲಿಸುವವಳಿಗೆ ಆರು ಆಂಪ್ಲಿಫೈಯರ್ ಯಾವ ಲೆಕ್ಕ ಎಂಬ ಧೈರ್ಯ.

ವೇದಿಕೆಯ ಬಳಿ ನಮ್ಮವು, ಮಧ್ಯದಲ್ಲಿ ಹಾವೇರಿಯವು, ಹಿಂದೆ ಬ್ಯಾಡಗಿಯವು. ಶೆಡ್ಡಿನಲ್ಲಿ ಒಂಬತ್ತೂವರೆಗೆ ಎಲ್ಲ ವೈರುಗಳನ್ನೂ ತಂದು ವೇದಿಕೆಯ ಪಕ್ಕದ ಮೇಜಿನ ಮೇಲಿದ್ದ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಜೋಡಿಸಿದೆ. ದೀಪಗಳೆಲ್ಲ ಹಸಿರಾಗಿ ಮಿನುಗಿದವು. ಲ್ಯಾಪ್‌ಟಾಪಿನ ಪರದೆಯ ಮೇಲೆ ನಮ್ಮ ಮಿಕ್ಸರ್, ನಮ್ಮ ಎರಡು ಆಂಪ್ಲಿಫೈಯರ್ ಕಾಣಿಸಿದವು. ಬ್ಯಾಡಗಿಯವು ಕಾಣಲಿಲ್ಲ. ವೈರು ಕೆಟ್ಟಿರಬೇಕೆಂದು ಬದಲಿಸಿದೆ, ಸ್ವಿಚ್ಚಿನ ತೂತು ಬದಲಿಸಿದೆ, ಅರ್ಧ ಗಂಟೆ ಹೋಯಿತು. ಹಾವೇರಿಯವು ಕಾಣದಿರುವುದು ನನಗೆ ಗೊತ್ತೇ ಇತ್ತು. ಅವುಗಳ ಮೂರನೇ ಭಾಗ ಸೊನ್ನೆ, ನಮ್ಮದು ಒಂದು, ಬೇರೆ ಗುಂಪು. ಅದಕ್ಕೆ ನನ್ನ ಹತ್ತಿರ ಉಪಾಯವೂ ಇತ್ತು.

ಗುಂಪನ್ನು ತೀರ್ಮಾನಿಸುವುದು ಸಬ್‌ನೆಟ್ ಮಾಸ್ಕ್ ಎಂಬ ಇನ್ನೊಂದು ನಂಬರು. ಅದು 255.255.255.0 ಇದ್ದರೆ ಅಡ್ರೆಸ್ಸಿನ ಮೊದಲ ಮೂರು ಭಾಗ ಗುಂಪಿನ ಗುರುತು, ಕೊನೆಯದು ಯಂತ್ರದ್ದು. ಲ್ಯಾಪ್‌ಟಾಪಿನ ಮಾಸ್ಕನ್ನು 255.255.0.0 ಮಾಡಿಬಿಟ್ಟರೆ ಮೊದಲ ಎರಡು ಭಾಗ ಸರಿಹೊಂದಿದರೆ ಸಾಕು; ಸೊನ್ನೆಯೂ ಒಂದೂ ಒಂದೇ ಗುಂಪಾಗುತ್ತವೆ. ಯಾರ ಯಂತ್ರವನ್ನೂ ಮುಟ್ಟಬೇಕಾಗಿಲ್ಲ, ಕಾಕಾನ ಮಾತೂ ಉಳಿಯುತ್ತದೆ. ನಾನು ಮಾಸ್ಕ್ ಬದಲಿಸಿ ನೆಮ್ಮದಿಯಿಂದ ನೋಡಿದೆ. ಹಾವೇರಿಯ ಆಂಪ್ಲಿಫೈಯರಿನ ದೀಪ ಪ್ರತಿ ಸಲವೂ ಮಿನುಗುತ್ತಿತ್ತು. ನಾನು ಕೇಳಿದ್ದು ಅದಕ್ಕೆ ತಲುಪುತ್ತಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ.

ಯಾಕೆಂದು ಯೋಚಿಸುವಷ್ಟು ಸಮಯ ಅವತ್ತು ನಾನು ತೆಗೆದುಕೊಳ್ಳಲಿಲ್ಲ. ಲ್ಯಾಪ್‌ಟಾಪಿಗೆ 192.168.0.100 ಎಂಬ ಎರಡನೆಯ ಅಡ್ರೆಸ್ಸನ್ನೂ ಕೊಟ್ಟೆ. ಕೂಡಲೇ 192.168.0.10, 11 ಎರಡೂ ಕಾಣಿಸಿದವು. ಆದರೆ ಆಂಪ್ಲಿಫೈಯರಿನ ಸಾಫ್ಟ್‌ವೇರು ಒಂದು ಸಲಕ್ಕೆ ಒಂದೇ ಗುಂಪನ್ನು ನೋಡುವಂಥದ್ದು. ಅವು ಬಂದ ಕೂಡಲೇ ನಮ್ಮವು ಪರದೆಯಿಂದ ಹೋದವು. ಅತ್ತಲಿಂದಿತ್ತ ಬದಲಿಸಿಕೊಳ್ಳುತ್ತ ಹೇಗೋ ನಡೆಸಬಹುದು ಎಂದುಕೊಂಡೆ. ಮಧ್ಯದ ಎರಡಕ್ಕೆ ಐವತ್ತೆಂಟು ಮಿಲಿಸೆಕೆಂಡ್ ತಡ ಹಾಕಿದೆ. ಹಿಂದಿನವನ್ನು ರಿಹರ್ಸಲ್ ಆದ ಮೇಲೆ ನೋಡೋಣ ಎಂದು ಬಿಟ್ಟೆ.

ಹನ್ನೊಂದಕ್ಕೆ ಅಮ್ಮ ಬಂದರು. ಬಿಳಿ ಸೀರೆ, ಕೈಯಲ್ಲಿ ಕೋಲು. ಜೊತೆಗೆ ಹಾರ್ಮೋನಿಯಂ ಪೇಟಿ ಮತ್ತು ತಬಲಾದವರು. ವೇದಿಕೆಯ ಮೇಲೆ ಕೂತು ಒಂದು ಸಲ ಮೇಲೆ ತಗಡು ನೋಡಿದರು, ಒಂದು ಸಲ ಶೆಡ್ಡಿನ ಆ ತುದಿ ನೋಡಿದರು. ಆಮೇಲೆ ಬಹಳ ಮೆತ್ತಗೆ ಒಂದು ಆಲಾಪ ತೆಗೆದರು.

ನಾನು ಮಧ್ಯದ ಸ್ಪೀಕರ್‌ಗಳ ದನಿ ತುಸು ಏರಿಸಿದೆ. ಮಧ್ಯದಲ್ಲಿ ಏನೂ ಆಗಲಿಲ್ಲ. ನಲವತ್ತು ಮೀಟರ್ ಆಚೆ ಹಿಂದಿನ ಸ್ಪೀಕರ್ ಜೋರಾಯಿತು. ಅಮ್ಮನ ದನಿ ಆ ತುದಿಯಿಂದ ಎರಡನೇ ಸಲ ಬಂದಿತು. ಅವರು ಹಾಡುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ನಾನು ಇಳಿಸಿದೆ, ಇಳಿಯಲಿಲ್ಲ. ಮತ್ತೊಮ್ಮೆ ಏರಿಸಿ ಇಳಿಸುವುದರೊಳಗೆ ಮಧ್ಯದ ಸ್ಪೀಕರ್ ಒಮ್ಮೆಲೇ ಜಿಗಿದು ಫೀಡ್‌ಬ್ಯಾಕ್ ಹೊಡೆಯಿತು. ತಗಡಿನ ಶೆಡ್ಡು ಪೂರ್ತಿ ಕಿರುಚಿತು. ತಬಲಾದವರು ಎರಡೂ ಕಿವಿ ಮುಚ್ಚಿಕೊಂಡರು. ಅಣ್ಣ ಓಡಿ ಹೋಗಿ ಮೇನ್ ಆಫ್ ಮಾಡಿದ.

ಅಮ್ಮ ಬೈಯಲಿಲ್ಲ. ಕೋಲು ಊರಿ ಎದ್ದರು. "ನನ್ನ ದನಿ ಈಗ ಕೆಟ್ಟೈತಿ ಅಂತ ನನಗ ಗೊತ್ತೈತಿ ಮಗಳ," ಎಂದರು. "ಕೆಟ್ಟದ್ದನ್ನ ಎರಡೆರಡ ಸಲ ಕೇಳಸಬ್ಯಾಡ. ಮಂದಿ ಬರ್ಲಿ, ಕೈ ಮುಗದು ಮಾತಾಡಿ ಹೋಗ್ತೇನಿ. ಹಾಡೂದು ಬ್ಯಾಡ." ಶೆಡ್ಡಿನ ಹಿಂದಿನ ರಸ್ತೆಯಲ್ಲಿದ್ದ ಒಬ್ಬ ವ್ಯಾಪಾರಸ್ಥರ ಮನೆಯಲ್ಲಿ ಅವರಿಗೆ ಊಟ, ವಿಶ್ರಾಂತಿಯ ವ್ಯವಸ್ಥೆಯಿತ್ತು. ಹಮಾಲರಲ್ಲಿ ಹಿರಿಯರೊಬ್ಬರು ಅವರನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹೋಗುವಾಗ ಆತ ನನ್ನ ಕಡೆ ಒಂದು ನೋಟ ನೋಡಿದ. ಅದು ಇವತ್ತಿಗೂ ನನಗೆ ಮರೆತಿಲ್ಲ.

ಹನ್ನೊಂದೂ ಮುಕ್ಕಾಲು. ಐದು ಗಂಟೆಗೆ ಮಂದಿ ಬರುವವರಿದ್ದರು. ಕಾಕಾ ತನ್ನ ಆಂಪ್ಲಿಫೈಯರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. "ನಂದೇನೂ ಕೆಟ್ಟಿಲ್ಲವ್ವಾ. ನಿಮ್ಮ ಕಂಪ್ಯೂಟರ್ ಕೆಟ್ಟೈತಿ," ಎಂದರು.

ಯಂತ್ರ ಯಾವುದೂ ಕೆಟ್ಟಿರಲಿಲ್ಲ. ಒಂದಕ್ಕೆ ಹೇಳಿದ್ದನ್ನು ಇನ್ನೊಂದು ಕೇಳಿತ್ತು, ಅಷ್ಟೇ. ಅದನ್ನು ಹಿಡಿದುಕೊಂಡು ನಾನು ಮೊದಲಿನಿಂದ ಹೊರಟೆ. ಹಾವೇರಿಯ ಎರಡೂ ವೈರುಗಳನ್ನು ಸ್ವಿಚ್ಚಿನಿಂದ ಕಿತ್ತು ಮೇಜಿನ ಮೇಲಿಟ್ಟೆ. ಲ್ಯಾಪ್‌ಟಾಪಿನಲ್ಲಿ 192.168.0.10 ಇದೆಯೇ ಎಂದು ಕೇಳಿದೆ. ಇದೆ ಎಂದು ಉತ್ತರ ಬಂತು. ವೈರೇ ಇಲ್ಲದ ಯಂತ್ರ ಉತ್ತರ ಕೊಡುವುದಿಲ್ಲ. ಬ್ಯಾಡಗಿಯವರ ಒಂದು ವೈರು ಕಿತ್ತೆ. ಉತ್ತರ ನಿಂತಿತು.

ಎಲ್ಲರದೂ ಇದ್ದಂತೆ ಎಂದು ಅವರು ಹೇಳಿದ್ದು ನಿಜವೇ. ಕಾಕಾನವೂ ಅವರವೂ ಒಂದೇ ಕಂಪನಿಯವು. ಜೋಡಿ ಆಂಪ್ಲಿಫೈಯರಿಗೆ ಫ್ಯಾಕ್ಟರಿಯಲ್ಲೇ ಹಾಕಿದ ಹತ್ತು, ಹನ್ನೊಂದನ್ನು ಕಾಕಾನ ಹುಬ್ಬಳ್ಳಿಯವನೂ ಹಾಗೇ ಉಳಿಸಿದ್ದ, ಬ್ಯಾಡಗಿಯವರೂ ಬದಲಿಸಿರಲಿಲ್ಲ. 192.168.0.10 ಎಂಬ ಹೆಸರಿನವು ಎರಡು, 11 ಎಂಬ ಹೆಸರಿನವು ಎರಡು. ಲ್ಯಾಪ್‌ಟಾಪು ಕರೆದಾಗ ಯಾವುದು ಮೊದಲು ಓಗೊಡುತ್ತಿತ್ತೋ ಅದಕ್ಕೆ ನನ್ನ ಮಾತು ಹೋಗುತ್ತಿತ್ತು. ತಪ್ಪು ಯಾವುದೆಂದರೆ ನನ್ನ ಕೈಬರಹದ ಪಟ್ಟಿಯಲ್ಲಿ ಬ್ಯಾಡಗಿಯವರ ಮೂರನೇ ಭಾಗಕ್ಕೆ ಸೊನ್ನೆಯ ಬದಲು ಬರೆದಿದ್ದ ಆ "1".

ನಾನು ಪಟ್ಟಿಯನ್ನು ಹರಿದು ಹೊಸ ಹಾಳೆ ತೆಗೆದುಕೊಂಡು ಕೂತೆ. ಎರಡು ವರ್ಷದಿಂದ ಕ್ಲಾಸಿನಲ್ಲಿ ಸಬ್‌ನೆಟ್ ಮಾಸ್ಕ್ ಎಂಬ ಸಾಲು ಬಂದಾಗ, ಮೂರು ಸಲ 255, ಕಡೆಗೆ ಸೊನ್ನೆ ಹಾಕಿ ಮುಂದೆ ಹೋಗಿ ಎಂದು ಹೇಳುತ್ತಿದ್ದವಳು ನಾನು. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಈಗ ಆ ಹಾಳೆಯ ಮೇಲೆ ಒಂದೊಂದು ಯಂತ್ರದ ಹೆಸರು, ಅದರ ಅಡ್ರೆಸ್, ಅದರ ಮಾಸ್ಕ್ ಬರೆಯುತ್ತ ಹೋದಾಗ ಬೆಳಿಗ್ಗೆ ಬಾರದ ಉತ್ತರ ಯಾಕೆ ಬರಲಿಲ್ಲ ಎಂಬುದು ಕಾಣಿಸಿತು. ಮಾಸ್ಕ್ ಪ್ರತಿ ಯಂತ್ರದ ಸ್ವಂತ ತಿಳಿವಳಿಕೆ. ನನ್ನದನ್ನು ನಾನು ದೊಡ್ಡದು ಮಾಡಿಕೊಂಡರೆ ನನಗೆ ಅವರು ನಮ್ಮವರು ಅನ್ನಿಸುತ್ತದೆ. ಅವರ ಮಾಸ್ಕ್ ಹಾಗೇ ಇದೆಯಲ್ಲ. ಅವರ ಲೆಕ್ಕದಲ್ಲಿ ನಾನು ಹೊರಗಿನವಳೇ. ಕರೆ ಕೇಳಿಸುತ್ತದೆ, ಓಗೊಡಲು ದಾರಿಯಿಲ್ಲ.

ಕಾಕಾ ಎದ್ದು ಬಂದು ಹಾಳೆ ನೋಡುತ್ತ ನಿಂತಿದ್ದರು. "ನಂದೂ ಹತ್ತು, ಅವಂದೂ ಹತ್ತು. ಅದ್ರಾಗೇನ ತಪ್ಪು? ಇಲ್ಲಿ ಮಾರ್ಕೆಟ್‌ನ್ಯಾಗ ಎಷ್ಟ ಅಂಗಡ್ಯಾಗ ಹತ್ತನೇ ನಂಬರಿನ ಮೆಣಸಿನಕಾಯಿ ಲಾಟ್ ಇರ್ತಾವ!"

"ಹೌದ್ರಿ ಕಾಕಾ. ಟೆಂಡರ್ ಬರಿಯೂವಾಗ ಬರೇ ಹತ್ತು ಅಂತ ಬರೀತೀರೇನು?"

"ಅದ್ಹೆಂಗ ಬರಿಯಾಕ ಬರತೈತಿ. ಅಂಗಡಿ ನಂಬರ್ ಬ್ಯಾಡೇನು?"

"ಇಲ್ಲೂ ಹಂಗ. ಈ ಮೂರು ಭಾಗ ಅಂಗಡಿ ನಂಬರ್, ಕಡೇದು ಲಾಟ್ ನಂಬರ್. ಎಲ್ಲೀತನಕ ಅಂಗಡಿ, ಎಲ್ಲಿಂದ ಲಾಟ್ ಅಂತ ಹೇಳೂದು ಮಾಸ್ಕು. 255 ಇದ್ದಲ್ಲೆಲ್ಲಾ ಅಂಗಡಿ, ಸೊನ್ನಿ ಇದ್ದಲ್ಲಿ ಲಾಟು. ನಿಮ್ದೂ ಅವರ್ದೂ ಅಂಗಡೀನೂ ಒಂದ, ಲಾಟೂ ಒಂದ ಆಗೇತ್ರಿ."

ಕಾಕಾ ಹಾಳೆಯ ಮೇಲಿನ ಎರಡು ಹತ್ತುಗಳ ಮೇಲೂ ಬೆರಳಿಟ್ಟರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಮೆಣಸಿನಕಾಯಿ ಬೆಳೆದು ಇದೇ ಮಾರುಕಟ್ಟೆಗೆ ತರುತ್ತಿದ್ದರು. "ಹಂಗಾರ ಒಬ್ಬಾಂವನ ಮಾಲು ಇನ್ನೊಬ್ಬಾಂವ ಒಯ್ದ ಬಿಡತಾನ," ಎಂದರು. ಆಮೇಲೆ ಕೂಡಲೇ, "ಆದ್ರ ನನ್ನವು ಮಾತ್ರ ಮುಟ್ಟಬ್ಯಾಡ. ಹೇಳೀನಲ್ಲ," ಎಂದು ಸೇರಿಸಿದರು.

ಬೆಳಿಗ್ಗೆಯಿಂದ ನನ್ನ ಮನಸ್ಸಿನಲ್ಲಿ ಒಂದೇ ದಾರಿ ಇತ್ತು. ಮಿಕ್ಸರ್ ನಮ್ಮದು, ಲ್ಯಾಪ್‌ಟಾಪ್ ನಮ್ಮದು, ಕಲಿತವಳು ನಾನು. ಆದ್ದರಿಂದ ಉಳಿದವರು ನಮ್ಮ ನಂಬರಿಗೆ ಬರಬೇಕು. ಆಗದಿದ್ದರೆ ಏನಾದರೂ ಜಾಣತನ ಮಾಡಿ ಅವರನ್ನು ಒಳಗೆ ಸೇರಿಸಿಕೊಳ್ಳಬೇಕು. ಹಾಳೆಯ ಮೇಲೆ ಆರೂ ಯಂತ್ರಗಳನ್ನು ಸಾಲಾಗಿ ಬರೆದಾಗ ಇನ್ನೊಂದು ದಾರಿ ಕಾಣಿಸಿತು. ಹಾವೇರಿಯವು ಇದ್ದಲ್ಲೇ ಇರಲಿ. ನಾವೇ ಅವುಗಳ ಗುಂಪಿಗೆ ಹೋಗುವುದು. ನಮ್ಮವು 192.168.0.21, 22. ಬ್ಯಾಡಗಿಯವು 31, 32. ಮಿಕ್ಸರ್ 50, ಲ್ಯಾಪ್‌ಟಾಪ್ 100. ಎಲ್ಲಕ್ಕೂ ಒಂದೇ ಮಾಸ್ಕು, ಮೂರು 255, ಒಂದು ಸೊನ್ನೆ. ಯಾವ ಜಾಣತನವೂ ಬೇಡ.

ಅಣ್ಣನಿಗೆ ಇದು ಸರಿಬರಲಿಲ್ಲ. "ನಮ್ಮ ಮಿಕ್ಸರ್ ಯಾಕ ಮುಟ್ಟತಿ? ನಡಿಯಾಕತ್ತಿದ್ದೂ ಹೋದೀತು. ಹೋಗ್ಲಿ, ಮುಂದಿನ ಎರಡ ಸ್ಪೀಕರ್ ಮ್ಯಾಲ ನಡ್ಸೂಣು. ಎಷ್ಟ ಕೇಳತೈತೋ ಅಷ್ಟ."

"ಹಿಂದ ಕೂಡ್ರೂದು ಯಾರಣ್ಣಾ? ಆ ಹಮಾಲ್ರ. ಅವರ ಸಲುವಾಗಿನ ಅಮ್ಮ ಇಲ್ಲಿಗೆ ಬಂದಾರ."

ಅಣ್ಣ ಸ್ವಿಚ್ಚಿನ ಹತ್ತಿರ ಬಂದು, "ಯಾವ ವೈರ್ ಮೊದ್ಲ ಕೀಳ್ಲಿ, ಹೇಳು," ಎಂದ.

ಬ್ಯಾಡಗಿಯವರಿಗೆ ಫೋನು ಮಾಡಿ ಅವರ ನಂಬರು ಬದಲಿಸಬಹುದೇ ಎಂದು ಕೇಳಿದೆ. "ನಿಮಗ ತಿಳಿದಂಗ ಮಾಡ್ರಿ ಅಕ್ಕಾರ. ನನಗ ಅದು ಇದ್ದದ್ದ ಗೊತ್ತಿಲ್ಲ," ಎಂದರು. ಎಲ್ಲ ವೈರುಗಳನ್ನೂ ಕಿತ್ತು ಅವರ ಮೊದಲ ಆಂಪ್ಲಿಫೈಯರ್ ಒಂದನ್ನೇ ಲ್ಯಾಪ್‌ಟಾಪಿನ ಜೊತೆ ಜೋಡಿಸಿದೆ. 10 ಅಳಿಸಿ 31 ಬರೆದು ಸೇವ್ ಮಾಡಿದೆ. ಆಫ್ ಮಾಡಿ ಆನ್ ಮಾಡಿದ ಮೇಲಷ್ಟೇ ಅದು ಹೊಸ ನಂಬರು ಒಪ್ಪಿಕೊಳ್ಳುತ್ತಿತ್ತು. ಆನ್-ಆಫ್ ಮಾಡಲು ಆ ತುದಿಗೆ ಅಣ್ಣ ನಿಂತ. ನಲವತ್ತು ಮೀಟರ್ ದೂರದಿಂದ ಅವನು ಕೈ ಎತ್ತಿ ತೋರಿಸುವುದು, ನಾನು ಪರದೆ ನೋಡಿ ಕೈ ಎತ್ತುವುದು. 31 ಬಂತು, 32 ಬಂತು. ಒಂದೊಂದರ ಮೇಲೂ ಚೀಟಿ ಅಂಟಿಸಿ ಹಳೆಯ ನಂಬರು, ಹೊಸ ನಂಬರು ಎರಡನ್ನೂ ಬರೆದೆ.

ಅದಾದ ಮೇಲೆ ಹಾವೇರಿಯವನ್ನು ಜೋಡಿಸಿದರೆ ಕಾಣಿಸಲಿಲ್ಲ. ಕಾಕಾ ನನ್ನ ಮುಖ ನೋಡಿದರು. ಮುಟ್ಟದೇ ಇದ್ದದ್ದೂ ಹೋಯಿತೇ ಎಂಬ ಭಯ ಅವರ ಕಣ್ಣಿನಲ್ಲಿತ್ತು. ನಾನು ವೈರು ಇನ್ನೊಮ್ಮೆ ಒತ್ತಿ ನೋಡಿದೆ. ಆಮೇಲೆ ಹೊಳೆಯಿತು: 192.168.0.10 ಎಂದರೆ ಇಂಥ ಯಂತ್ರ ಎಂದು ಲ್ಯಾಪ್‌ಟಾಪು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಅದರ ನೆನಪಿನಲ್ಲಿ ಇನ್ನೂ ಬ್ಯಾಡಗಿಯದೇ ಹತ್ತನೆಯದು. ಕಪ್ಪು ಪರದೆ ತೆಗೆದು ಆ ನೆನಪನ್ನು ಅಳಿಸುವ ಒಂದು ಸಾಲಿನ ಆಜ್ಞೆ ಕೊಟ್ಟೆ. ಹಾವೇರಿಯ 10, 11 ಎರಡೂ ಎದ್ದು ಬಂದವು.

"ಇದ್ದಲ್ಲೇ ಅದಾವ್ರಿ ಕಾಕಾ, ನಿಮ್ಮವು."

"ಹೂಂ," ಎಂದರು. ಮುಖದ ಗಂಟು ಸಡಿಲಾಗಿತ್ತು.

ಕೊನೆಗೆ ನಮ್ಮವು. ಮಿಕ್ಸರಿನ ನಂಬರು ಬದಲಿಸುವಾಗ ಅಣ್ಣ ಬಂದು ಬೆನ್ನ ಹಿಂದೆ ನಿಂತಿದ್ದ. ಅದೂ ಎದ್ದು ಬಂತು. ಎರಡು ಗಂಟೆ ಹತ್ತು ನಿಮಿಷಕ್ಕೆ ಪರದೆಯ ಮೇಲೆ ಆರು ಆಂಪ್ಲಿಫೈಯರ್, ಒಂದು ಮಿಕ್ಸರ್ ಒಟ್ಟಿಗೆ ಕಾಣಿಸಿದವು. ಒಂದೊಂದನ್ನೇ ಮ್ಯೂಟ್ ಮಾಡಿ, ಯಾವುದು ಸುಮ್ಮನಾಯಿತೆಂದು ಅಣ್ಣ ಆ ಸ್ಪೀಕರಿನ ಕೆಳಗೆ ನಿಂತು ಕೂಗಿ ಹೇಳುವವರೆಗೆ ನಾನು ನಂಬಲಿಲ್ಲ. ಆರೂ ಸರಿಯಾಗಿದ್ದವು. ಟೇಪು ಹಿಡಿದು ದೂರ ಇನ್ನೊಮ್ಮೆ ಅಳೆದು ಮಧ್ಯಕ್ಕೆ ಐವತ್ತೆಂಟು, ಹಿಂದಕ್ಕೆ ನೂರಾ ಹದಿನಾರು ಹಾಕಿದೆ.

ಯಂತ್ರದ ಕೆಲಸ ಮುಗಿಯಿತು. ಅಮ್ಮನನ್ನು ಕರೆತರುವುದು ಉಳಿಯಿತು.

"ಇನ್ನೊಂದ ಸಲ ಹಾಡ್ರಿ ಅಂತ ಕೇಳ್ಕೋತೇನಿ," ಎಂದು ನಾನು ಎದ್ದೆ.

ಕಾಕಾ ತಡೆದರು. "ಆಕಿನ್ನ ಹಾಡಾಕ ಕರೀಬ್ಯಾಡ ತಂಗಿ. ಕೇಳಾಕ ಕರಿ. ನಾ ಹುಡುಗ ಇದ್ದಾಗ ಆಕಿ ಟೆಂಟಿಗೆ ಹಾರನ್ ಕಟ್ಟೇನಿ. ಪರದೆ ಏಳೂಕ್ಕಿಂತ ಮೊದ್ಲ ಆಕಿ ಕಡೇ ಸಾಲಿಗೆ ಹೋಗಿ ಕುಂತು ಕೇಳತಿದ್ಲು. ಕೇಳಿ ಹೂಂ ಅಂದ ಮ್ಯಾಲ ಬಣ್ಣಾ ಹಚ್ಕೊಳ್ಳತಿದ್ಲು."

ಇಬ್ಬರೂ ಹೋದೆವು. ಅಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಮುಂದೆ ಅರ್ಧ ಕುಡಿದ ಚಹಾ. ನಾನು ಸುತ್ತು ಬಳಸದೆ ಹೇಳಿದೆ: ಬೆಳಿಗ್ಗೆ ಆದದ್ದು ನನ್ನ ತಪ್ಪು, ಅದರಲ್ಲಿ ನಿಮ್ಮ ದನಿಯದೇನೂ ಇಲ್ಲ, ಈಗ ಸರಿ ಮಾಡಿದ್ದೇನೆ, ನೀವು ಹಾಡಬೇಡಿ, ಬಂದು ಕೇಳಿ.

"ಯಾರ ಹಾಡ್ತಾರ ಮತ್ತ?"

"ಯಾರರ ಮಾತಾಡ್ತೇವ್ರಿ."

"ನೀನ ಹಾಡು," ಎಂದರು ಅಮ್ಮ. "ನನ್ನ ದನಿ ಕೆಡಿಸಿದಾಕಿ ನೀನು. ನಿನ್ನ ದನಿ ಹೆಂಗ ಕೇಳತೈತಿ ನೋಡೂಣು."

ಹೀಗೆ ಮಧ್ಯಾಹ್ನ ಮೂರಕ್ಕೆ, ಶಾಲೆ ಬಿಟ್ಟ ಮೇಲೆ ಒಂದು ಸಲವೂ ಹಾಡದ ನಾನು ವೇದಿಕೆಯ ಮೇಲೆ ಮೈಕಿನ ಮುಂದೆ ಕೂತು, ನಮ್ಮವ್ವ ಬೀಸುವಾಗ ಹೇಳುತ್ತಿದ್ದ ಒಂದು ಪದ ಹೇಳಿದೆ. ಅಮ್ಮ ಕೊನೆಯ ಸಾಲಿನಲ್ಲಿ ಕೂತರು. ಪದ ಮುಗಿದ ಮೇಲೂ ಏಳಲಿಲ್ಲ. ಕೋಲು ಎತ್ತಿ ಮತ್ತೊಮ್ಮೆ ಎಂದು ಸನ್ನೆ ಮಾಡಿದರು. ಎರಡನೇ ಸಲ ನಡುವಿಗೆ ಬಂದು ಕೂತರು. ಕುರ್ಚಿ ಹಾಕುತ್ತಿದ್ದ ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನನ್ನ ದನಿ ಕೀರಲು, ಅದು ನನಗೆ ಗೊತ್ತಿತ್ತು. ಆದರೆ ಅಂಥ ತಗಡಿನ ಶೆಡ್ಡಿನಲ್ಲಿ ಅದು ಒಂದೇ ಸಲ ಕೇಳಿಸುತ್ತಿತ್ತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ.

ಅಮ್ಮ ನಿಧಾನವಾಗಿ ವೇದಿಕೆಯ ಹತ್ತಿರ ಬಂದರು. "ಎರಡಾಗೂದು ಹೋಗೇತಿ. ಚಂದ ಆಗೇತಿ. ಆದ್ರ ಅಲ್ಲಿ ಹಿಂದ ಕುಂತ್ರ ನೀ ನನ್ನ ಬಗಲಾಗ ಕುಂತು ಹಾಡಿದಂಗ ಕೇಳತೈತಿ. ಕಣ್ಣು ನಿನ್ನ ಇಲ್ಲಿ ನೋಡತೈತಿ, ಕಿವಿ ಬಾಜೂಕ ಹೊಳ್ಳತೈತಿ. ಮಂದಿಗೆ ಹಾಡೋರ ಕಡೆಯಿಂದ ದನಿ ಬರಬೇಕು ಮಗಳ."

ನಾನು ಅಳೆದು ಹಾಕಿದ ಲೆಕ್ಕ ಸರಿಯೇ ಇತ್ತು. ಎರಡೂ ದನಿ ಒಂದೇ ಕ್ಷಣಕ್ಕೆ ತಲುಪುತ್ತಿದ್ದವು. ಆದರೆ ಹತ್ತಿರದ ಸ್ಪೀಕರಿನದು ಜೋರು, ಹಾಗಾಗಿ ಕಿವಿ ಆ ಕಡೆ ಹೋಗುತ್ತಿತ್ತು. ವೇದಿಕೆಯ ದನಿ ಕೂದಲೆಳೆಯಷ್ಟು ಮೊದಲು ತಲುಪಿದರೆ ಕಿವಿ ಅದನ್ನೇ ಮೂಲವೆಂದು ಹಿಡಿಯುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಯಿತು. ಲ್ಯಾಪ್‌ಟಾಪಿಗೆ ಹೋಗಿ ಮಧ್ಯಕ್ಕೂ ಹಿಂದಕ್ಕೂ ಹನ್ನೆರಡು ಮಿಲಿಸೆಕೆಂಡ್ ಸೇರಿಸಿದೆ: ಎಪ್ಪತ್ತು, ನೂರಾ ಇಪ್ಪತ್ತೆಂಟು. ಮತ್ತೆ ಬಂದು ಹಾಡಿದೆ.

ಅಮ್ಮ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಎರಡು ಸಾಲು ಕೇಳಿ, ಕಣ್ಣು ತೆರೆಯದೆಯೇ ಕೋಲನ್ನು ಎತ್ತಿ ನೇರ ನನ್ನ ಕಡೆ ತೋರಿಸಿದರು. ಆಮೇಲೆ ಪೇಟಿಯವರನ್ನು ಕರೆದು, "ಶ್ರುತಿ ಕಪ್ಪು ಎರಡು ಅಲ್ಲ, ಒಂದು ಮನಿ ಇಳಿಸಿ ಹಿಡಿ. ಕೂಗೂ ಜರೂರ ಇಲ್ಲ," ಎಂದರು.

ಐದಕ್ಕೆ ಶೆಡ್ಡು ತುಂಬಿತು. ಮುಂದೆ ವ್ಯಾಪಾರಸ್ಥರು, ಮನೆಯವರು. ಹಿಂದೆ ನೆಲದ ಮೇಲೆ ಹಮಾಲರು. ಮುದುಕರಾದವರು ಹಳ್ಳಿಗಳಿಂದ ಬಸ್ಸು ಹಿಡಿದು ಬಂದಿದ್ದರು. ಹಾರ, ಭಾಷಣ ಬೇಗ ಮುಗಿದವು. ಅಮ್ಮ ಮೊದಲ ಹಾಡು ಹಾಡಿದರು. ನಾನು ಪರದೆಯ ಮೇಲೆ ಆರು ಸಾಲುಗಳನ್ನು ನೋಡುತ್ತ ಕೂತಿದ್ದೆ. ಅವರ ದನಿ ಇಳಿದಾಗ ಹಿಂದಿನ ಎರಡನ್ನು ಒಂದು ಕೂದಲಷ್ಟು ಏರಿಸುವುದು, ದನಿ ಎದ್ದಾಗ ಇಳಿಸುವುದು. ಮುಟ್ಟಿದ್ದೇ ಕೇಳುತ್ತಿತ್ತು. ಕಾಕಾ ತನ್ನ ಸ್ಪೀಕರ್ ಬಿಟ್ಟು ಹಿಂದೆ ಹಮಾಲರ ನಡುವೆ ಹೋಗಿ ಕೂತಿದ್ದರು.

ಮೂರನೇ ಹಾಡು ಮಗ ಸತ್ತ ತಾಯಿಯದು. ನಡುವೆ ಒಂದು ಕಡೆ ಅಮ್ಮನ ದನಿ ಸಿಕ್ಕಿಕೊಂಡು ನಿಂತಿತು. ಪೇಟಿಯವರು ಸ್ವರ ಹಿಡಿದುಕೊಂಡು ಕಾದರು. ಅವರು ದಮ್ಮು ತೆಗೆದುಕೊಂಡರು. ಮೈಕಿನ ಕಡೆ ಬಾಗಿ ಕೇಳಿದರು: "ಹಿಂದ ಕುಂತಾವ್ರಿಗೆ ಕೇಳಾಕತ್ತೈತೇನ್ರಪಾ? ನನ್ನ ದನಿ ಮೊದಲಿನಂಗಿಲ್ಲ."

 ಹಿಂದಿನಿಂದ ಒಬ್ಬ ಮುದುಕ ಎದ್ದು ನಿಂತ. ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದವನೇ ಆತ. "ಕೇಳಾಕತ್ತೈತ್ರಿ ಅವ್ವಾರ," ಎಂದ. "ನೀವು ಉಸಿರ ತಗೊಂಡಿದ್ದೂ ಕೇಳಸ್ತ್ರಿ. ಟೆಂಟಿನ್ಯಾಗ ಅದು ಕೇಳಿದ್ದಿಲ್ಲ."

ಅಮ್ಮ ಸ್ವಲ್ಪ ಹೊತ್ತು ಆ ಕಡೆಯೇ ನೋಡಿದರು. ಆಮೇಲೆ ಎಡಗೈಯಿಂದ ಪೇಟಿಯವರಿಗೆ ಶ್ರುತಿ ಇನ್ನೂ ಒಂದು ಮನೆ ಇಳಿಸು ಎಂದು ಸನ್ನೆ ಮಾಡಿ, ನಿಂತ ಸಾಲನ್ನು ಮೊದಲಿನಿಂದ ಹಿಡಿದರು, ಮೊದಲಿಗಿಂತ ಮೆತ್ತಗೆ. ನಾಲ್ಕೇ ಹಾಡು ಎಂದವರು ಅವತ್ತು ಏಳು ಹಾಡಿದರು.